ಕೆಳಮನೆ ಅಕ್ಕ ಬಿಟ್ಟ ನೀರು

ಅಕ್ಕನ ಬಲಗೈ ಗೆಣ್ಣುಗಳು ಕಪ್ಪಗೆ ಕಾಯಿಗಟ್ಟಿದ್ದವು. ಟೆರೇಸಿಗೆ ಹತ್ತಿ ಟ್ಯಾಂಕನ್ನ ಮೇಲಿಂದ ಕೆಳಗೆ ಟಕಟಕ ಬಡಿಯೋರು. ಸದ್ದು ಎಲ್ಲಿ ದಪ್ಪಗಾಗುತ್ತೋ ಅಲ್ಲಿ ಕೈ ನಿಲ್ಲಿಸಿ, "ಇಲ್ಲೀಗಂಟ ಐತೆ, ಸಂಜೆಗೆ ಸಾಕು" ಅನ್ನೋರು.

ಸಂಜಯನಗರದ ನಮ್ಮ ಬಿಲ್ಡಿಂಗು ಚಿಕ್ಕದು, ಆರೇ ಮನೆ. ಗಂಡ ತೀರಿಕೊಂಡ ಮೇಲೆ ಅಕ್ಕ ಕೆಳಗಿನ ಮನೇಲಿ ಒಬ್ಬರೇ ಇದ್ರು. ಮೋಟರ್ ರೂಮು, ಟೆರೇಸು ಎರಡರ ಬೀಗದ ಕೈಯೂ ಅವರ ಸೊಂಟದಲ್ಲಿ. ನೀರು, ಮೆಟ್ಟಿಲ ದೀಪದ ಕರೆಂಟು, ಎಲ್ಲದರ ಅಂದಾಜೂ ಅವರದೇ. ತಿಂಗಳ ಕೊನೇಲಿ ಒಂದೊಂದು ಬಾಗಿಲಿಗೂ ಬಂದು, ಮುಂದಿನ ತಿಂಗಳು ಯಾರು ಬರ್ತಾರೆ, ಯಾರು ಊರಿಗೆ ಹೋಗ್ತಾರೆ ಅಂತ ಕೇಳೋರು. ಅದರ ಮೇಲೆ ಇಷ್ಟು ಟ್ಯಾಂಕರ್ ಬೇಕು, ಮನೆಗೆ ಇಷ್ಟು ಬೀಳುತ್ತೆ ಅಂತ ಹೇಳೋರು. ಎದುರುಮನೆಯವನು ಒಮ್ಮೆ "ಯಾರೂ ಬರಲ್ಲ ಆಂಟಿ" ಅಂದ. ಅವನ ಬಾಗಿಲ ಮುಂದಿನ ಚಪ್ಪಲಿ ರಾಶಿ ನೋಡಿ ಅಕ್ಕ, "ಇವ್ರೆಲ್ಲ ಸ್ನಾನ ಮಾಡಲ್ವೇನಪ್ಪ?" ಅಂದ್ರು.

ಬೋರು ಬತ್ತಿದ ಬೇಸಿಗೇಲೇ ನನ್ನ ಮಗಳು ಹೆರಿಗೆಗೆ ಬಂದ್ಳು. ಹೆಣ್ಣು ಕೂಸು. ಮುಖ ನೋಡಿದ್ದೇ ನೋಡಿದ್ದು, ಒಲೆ ಮೇಲಿನ ಹಾಲು ಉಕ್ಕಿ ಹರಿದದ್ದೂ ಗೊತ್ತಾಗಲಿಲ್ಲ ನಂಗೆ. ಈಗ ಅವಳಿಗೆ ಎರಡು ಹಲ್ಲು ಬಂದಿವೆ. ನನ್ನ ಕಂಡ್ರೆ "ಜೀ" ಅಂತಾಳೆ, ಅಜ್ಜಿ ಅಂತ. ತರಕಾರಿ ಗಾಡಿಯವನಿಗೂ ಹೇಳ್ತೀನಿ. ಹೇಳಿ ಮುಗಿಸಿದ ಮೇಲೆ ಅಕ್ಕನ ಬಾಗಿಲ ಕಡೆ ತಿರುಗ್ತೀನಿ. ಮೊದಲು ಕೇಳಬೇಕಾದವರು ಇಲ್ಲ.

ಬಾಣಂತನ ನೀರಿಲ್ಲದೆ ಆಗುತ್ತಾ? ತಾಯಿಗೆ ಎರೀಬೇಕು, ಮಗುವಿಗೆ ಎರೀಬೇಕು, ಬಟ್ಟೆ ಒಗೀಬೇಕು. ಟೆರೇಸಲ್ಲಿ ಮನೆಗೊಂದು ವಾಲ್ವು. ಆಗ ಅಕ್ಕ ಬೆಳಿಗ್ಗೆ, ಸಂಜೆ ಸ್ವಲ್ಪ ಹೊತ್ತು ಮಾತ್ರ ಬಿಡ್ತಿದ್ರು. ನಾನು ಕೇಳೇ ಇರಲಿಲ್ಲ, ಒಂದು ಮಧ್ಯಾಹ್ನ ನಲ್ಲಿ ತಿರುಗಿಸಿದ್ರೆ ನೀರು ಬಂತು. ಕೆಳಗಿಳಿದು ಹೋದೆ.

"ಅಕ್ಕಾ, ಮಿಕ್ಕೋರು ಏನಂತಾರೆ?"

"ಕೂಸಿನ ಮೈ ತೊಳೆಯೋಕೆ ಅವರನ್ನ ಕೇಳ್ಬೇಕಾ? ಹೋಗು, ನೀರು ಕಾಯ್ಸು."

ಆ ತಿಂಗಳು ಅಕ್ಕನ ಅಂದಾಜಿಗಿಂತ ಮೊದಲೇ ನೆಲದಡಿಯ ಸಂಪು ಖಾಲಿಯಾಯ್ತು. ಮೇಲ್ಮನೆ ಯಜಮಾನ್ರು ಅಕ್ಕನ ಕೈಲೇ ಬೀಗ ತೆಗೆಸಿ ಟೆರೇಸಿಗೆ ಹೋಗಿ ನಮ್ಮ ವಾಲ್ವು ತೆರೆದಿದ್ದು ಕಂಡ್ರು. ಅಲ್ಲೇ ಮೀಟಿಂಗು.

"ನಮಗೆಲ್ಲ ಬಿಂದಿಗೆ ಲೆಕ್ಕ, ಇವರಿಗೆ ಮಾತ್ರ ಹೊಳೆನಾ?" ಅಂದ್ರು.

"ಹೆಚ್ಚಿಗೆ ಬಿದ್ದಿದ್ದು ನಾವೇ ಕೊಡ್ತೀವಿ ಕಣ್ರೀ" ಅಂದೆ.

"ದುಡ್ಡಿನ ಮಾತಲ್ಲಮ್ಮ. ಹೇಳ್ದೆ ಕೇಳ್ದೆ ಬಿಟ್ಟಿದಾರಲ್ಲ."

ಅಕ್ಕ ಸುಳ್ಳಾಡಲಿಲ್ಲ. "ಹೌದು, ಬಿಟ್ಟೆ. ಹೇಳಿದ್ರೆ ನೀವು ಬೇಡ ಅಂತಿದ್ರಿ." ಸೊಂಟದಿಂದ ಬೀಗದ ಕೈ ತೆಗೆದು ಕಟ್ಟೆ ಮೇಲಿಟ್ರು. ಯಾರಾದ್ರೂ 'ಇರಲಿ, ನೀವೇ ಇಟ್ಕೊಳಿ' ಅಂತಾರೇನೋ ಅಂತ ಒಂದು ಗಳಿಗೆ ನಿಂತ್ರು. ನಾನು ಅಂದೆ. ಆ ನೀರು ಬಳಸಿದವಳ ಮಾತಿಗೆ ಯಾರು ಬೆಲೆ ಕೊಡ್ತಾರೆ? ಯಜಮಾನ್ರು ಅದನ್ನ ಜೇಬಿಗೆ ಹಾಕ್ಕೊಂಡ್ರು.

ಆಮೇಲೆ ಬೀಗದ ಕೈ, ನೀರಿನ ಉಸ್ತುವಾರಿ ಎರಡೂ ವಾರಕ್ಕೊಂದು ಮನೆ ಸರದಿ. ಮೋಟರ್ ರೂಮಿನ ಗೋಡೆ ಆಚೆಗೇ ಅಕ್ಕನ ಮಂಚ. ನಾನು ಕೂಸನ್ನ ಎತ್ಕೊಂಡು ಹೋಗಿದ್ದಾಗ ಒಂದು ದಿನ ಮೋಟರ್ ಸದ್ದು ಕೇಳಿ, "ಗಾಳಿ ಎಳೀತೈತೆ. ಸಂಪಲ್ಲಿ ನೀರಿಲ್ಲ, ಮೋಟರ್ ಸುಟ್ಟೋಗತ್ತೆ" ಅಂದ್ರು. ಹೇಳೋಣ ಬನ್ನಿ ಅಂದೆ. "ನಾನು ಯಾರು ಹೇಳೋಕೆ" ಅಂತ ಮಗ್ಗುಲಾದ್ರು. ಬೀಗದ ಕೈ ಯಾರ ಹತ್ರ ಅಂತ ಕೇಳ್ಕೊಂಡು ನಾನೇ ಮೆಟ್ಟಿಲು ಹತ್ತಿ ಇಳಿಯೋಷ್ಟರಲ್ಲಿ ಸುಟ್ಟ ವಾಸನೆ ಬಂತು.

ಅಲ್ಲಿಂದ ಅಕ್ಕ ಎದ್ದು ಓಡಾಡಿದ್ದು ಕಡಿಮೆ. ತಿಂಗಳ ಕೊನೆ ಬಂದ್ರೂ ಬಾಗಿಲು ತೆರೀತಿರಲಿಲ್ಲ. ಕೂಸನ್ನ ತೊಡೆ ಮೇಲೆ ಹಾಕಿದ್ರೆ ಮಾತ್ರ ನಗೋರು. ಡಾಕ್ಟ್ರು ಎದೆ ಕಾಯಿಲೆ ಅಂದ್ರು. ಶ್ರಾವಣ ಬರೋಕೆ ಮೊದಲೇ ಹೋಗ್ಬಿಟ್ರು.

ಕೊನೇ ಸ್ನಾನ ಮಾಡ್ಸೋಕೆ ನಲ್ಲಿ ತಿರುಗಿಸಿದ್ರೆ ಹನಿ ಇಲ್ಲ. ಆ ವಾರದ ಸರದಿಯವರು ಟ್ಯಾಂಕರಿಗೆ ಹೇಳೋದೇ ಮರೆತಿದ್ರು. ಪಕ್ಕದ ಬಿಲ್ಡಿಂಗಿಗೆ ಹೋಗಿ ಕೈ ಮುಗಿದು ಕೇಳಿದ್ವಿ. ಎಲ್ಲರೂ ಬಕೆಟ್ ಹಿಡಿದು ಹೊತ್ರು, ಮೇಲ್ಮನೆ ಯಜಮಾನ್ರೂ ಹೊತ್ರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಮಗಳ ಕಂಕುಳಲ್ಲಿದ್ದ ಕೂಸು ಆ ಬಕೆಟ್ ಸಾಲು ನೋಡಿ ಕೇಕೆ ಹಾಕಿ ನಗ್ತಿತ್ತು.

ಮೊದಲ ಚೊಂಬು ನಾನು ಎರೆದೆ. ಯಾರದೋ ಮನೆ ನೀರು.