ಬೆಟ್ಟದ ಚಹಾಕ್ಕೆ ನೀರು

ಗೈಕ್‌ಸಿಮ್ ಹೋಕ್ ಮಾವನನ್ನು ಮೊದಲು ಕಂಡದ್ದು ಬೆಟ್ಟದ ಬುಡದ ಆಲದ ಮರದ ಕೆಳಗೆ. ಆಗಿನ್ನೂ ಬೆಳಗಿನ ಮಂಜು ಪೂರ್ತಿ ಕರಗಿರಲಿಲ್ಲ. ಮರದ ಬುಡದಲ್ಲಿ ತುಂಬಿದ ಬಾಟಲಿಗಳನ್ನು ಸಾಲಾಗಿ ಇಟ್ಟಿದ್ದರು. ದಾರಿಹೋಕರಿಗೆ ಇರಬೇಕೆಂದುಕೊಂಡು ಅವಳು ಒಂದರ ಮುಚ್ಚಳ ತಿರುಚಿ ಗಟಗಟ ಕುಡಿಯತೊಡಗಿದಳು. ಕೊರಳಿಗೆ ಟವೆಲು ಸುತ್ತಿ, ಬೆನ್ನಿಗೆ ಎರಡು ಕ್ಯಾನು ಬಿಗಿದುಕೊಂಡಿದ್ದ ಕುಳ್ಳ ಮುದುಕರೊಬ್ಬರು ಎದುರು ನಿಂತು, ಅವಳು ಕುಡಿದು ಮುಗಿಸುವವರೆಗೂ ಸುಮ್ಮನೆ ನೋಡಿದರು.

“ದಾಹ ತೀರಿತಾ ತಾಯಿ? ಅದು ಕುಡಿಯೋಕಲ್ಲ, ಹೊರೋಕೆ ಇಟ್ಟಿರೋದು.”

“ಅಯ್ಯೋ, ಗೊತ್ತಿರಲಿಲ್ಲ ಮಾವ. ನಾನು ಪೆನಾಂಗಿನವಳು.”

“ಪೆನಾಂಗಲ್ಲಿ ನೀರು ತಾನಾಗೇ ಬೆಟ್ಟ ಹತ್ತುತ್ತಾ? ಒಂದು ಕುಡಿದೆಯಲ್ಲ, ಎರಡು ಹೊತ್ಕೋ. ನಡಿ.”

ಗೈಕ್‌ಸಿಮ್ ತೈವಾನಿಗೆ ಬಂದದ್ದು ತಂಗಿಯ ಬಾಣಂತನಕ್ಕೆ. ಅವಳದೂ ಹೋಕ್ ಮಾವನದೂ ಮನೆಮಾತು ಒಂದೇ ಆಗಿದ್ದರಿಂದ ಬೈಗುಳವೂ ಸಲೀಸಾಗಿ ಅರ್ಥವಾಯಿತು. ಮಗು ಮಲಗಿದ ಹೊತ್ತಿನಲ್ಲಿ ಗಾಳಿಗೆಂದು ಹೊರಟವಳು, ಎರಡು ಬಾಟಲಿ ಹೊತ್ತು ಏದುಸಿರು ಬಿಡುತ್ತಾ ಬೆಟ್ಟದ ನಡುವಿನ ಚಹಾ ಗುಡಿಸಲಿಗೆ ಬಂದಳು. ಅಲ್ಲಿ ನೀರಿನ ಸೆಲೆಯಿಲ್ಲ. ಹತ್ತುವವರೆಲ್ಲ ಕೈಲಾದಷ್ಟು ಹೊತ್ತು ತಂದರೆ ಅದರಲ್ಲೇ ಎಲ್ಲರಿಗೂ ಶುಂಠಿ ಚಹಾ. ಪ್ರತಿಯೊಬ್ಬರ ಸೊಂಟದಲ್ಲೂ ಒಂದು ಲೋಟ ತೂಗುತ್ತಿತ್ತು.

“ಲೋಟ ಇಲ್ದೆ ಬಂದಿದಾಳೆ ನೋಡ್ರೋ! ಅಂಗೈ ಒಡ್ಡಮ್ಮ, ಹುಯ್ತೀನಿ,” ಎಂದು ಸೊಪ್ಪು ಮಾರುವ ಸಿಯೋಕ್‌ಛಿನ್ ನಕ್ಕಳು. ನಕ್ಕು, ತನ್ನ ಲೋಟವನ್ನೇ ತೊಳೆದು ಕೊಟ್ಟಳು.

ಅಂದಿನಿಂದ ಗೈಕ್‌ಸಿಮ್ ದಿನವೂ ಬಂದಳು. ಊರಿನಲ್ಲಿ ಬೀದಿಯ ಕೊನೆಯ ಅಂಗಡಿಗೂ ಕಾರು ತೆಗೆಯುತ್ತಿದ್ದವಳಿಗೆ ಇಲ್ಲಿನವರ ಬೆಳಗೇ ಬೆರಗು. ಮರಕ್ಕೆ ಬೆನ್ನು ಬಡಿದುಕೊಂಡು ನೋವು ಕಳೆಯುವ ಅಜ್ಜಿಯರು, ಬೇರಿಗೆ ಸುರಿದ ಚಹಾದ ಚರಟ, ಹಳೆಯ ಅಂಗಿಯಲ್ಲಿ ಹೊಲಿದ ಚೀಲ, ಒಲೆಯ ಪಕ್ಕದ ಮಸಿಬಟ್ಟೆ, ಎಲ್ಲದರ ಫೋಟೋ ತೆಗೆಯುತ್ತಿದ್ದಳು.

“ಅದು ಮಸಿಬಟ್ಟೆ ಕಣಮ್ಮ. ಅದಕ್ಕೂ ಫೋಟೋನಾ?” ಎನ್ನುವರು ಹೋಕ್ ಮಾವ. “ನನ್ನದೊಂದು ತೆಗಿ, ನಾನೂ ಅಷ್ಟೇ ಹಳಬ.”

ಹಡಗುಕಟ್ಟೆಯಲ್ಲಿ ಬೆಸುಗೆ ಹಾಕಿ ಹಾಕಿ ಅವರ ಎದೆ ಕೆಟ್ಟಾಗ, ದಿನಾ ಗಾಳಿಗೆ ಹೋಗು ಎಂದು ವೈದ್ಯರು ಬೆಟ್ಟಕ್ಕೆ ಅಟ್ಟಿದ್ದರಂತೆ. ಕೈ ಬೀಸಿಕೊಂಡು ನಡೆಯುವುದು ಅವರಿಗೆ ನಾಚಿಕೆ. ಹಾಗಾಗಿ ನೀರು ಹೊತ್ತರು, ಆಮೇಲೆ ಒಲೆಯನ್ನೂ ವಹಿಸಿಕೊಂಡರು. ಗುಡಿಸಲಿನ ಕಟ್ಟಳೆ ಅವರದೇ: ತುಂಬಿದ ಕ್ಯಾನು ಹೊರಲಾರದವರು ಒಲೆ ಹಚ್ಚುವಂತಿಲ್ಲ.

ಒಂದು ಬೆಳಿಗ್ಗೆ ಬೆಟ್ಟದ ಮೆಟ್ಟಿಲ ಮೇಲೆ ಅವರು ಕ್ಯಾನು ಕೆಳಗಿಟ್ಟು ಮಂಡಿ ನೀವುತ್ತಿದ್ದರು. ಗೈಕ್‌ಸಿಮ್ ಸಹಾಯಕ್ಕೆಂದು ಒಂದನ್ನು ಎತ್ತಿದಳು. ಭಾರವೇ ಇರಲಿಲ್ಲ. ಒಳಗೆ ನೀರು ಕುಲುಕಾಡಿತು.

“ಅರ್ಧವೇ ಇದೆಯಲ್ಲ ಮಾವ?”

“ಬಾಯಿ ಮುಚ್ಕೊಂಡಿರು ಪೆನಾಂಗಿನವಳೇ,” ಎಂದರು. ಕ್ಯಾನನ್ನು ಅವಳ ಕೈಯಿಂದ ತೆಗೆದುಕೊಂಡು, “ಹೋದ ವರ್ಷ ತುಂಬಿದ ಕ್ಯಾನು ಹೊರಲಾರ ಅಂತ ಬೂನ್‌ತೆಕ್‌ಗೆ ಒಲೆ ಬಿಡಿಸಿದ್ದು ನಾನೇ. ಚಿಕ್ಕಂದಿನ ಗೆಳೆಯ. ಈಗ ನಾನೂ ಒಲೆ ಬಿಟ್ಟರೆ, ಮನೇಲಿ ಕೂತು ಗೋಡೆ ನೋಡ್ಬೇಕು,” ಎಂದರು.

ಅವಳು ಯಾರಿಗೂ ಹೇಳಲಿಲ್ಲ.

ಕೆಲವು ದಿನ ಕಳೆದ ಮೇಲೆ ಬೂನ್‌ತೆಕ್ ಒಂದು ಬಾಟಲಿ ಹಿಡಿದು ಕೋಲೂರುತ್ತಾ ಗುಡಿಸಲಿಗೆ ಬಂದರು.

“ಏ ಹೋಕ್, ಇವತ್ತೊಂದು ದಿನ ಒಲೆ ನಾನು ಹಚ್ಚಲೇನೋ?”

“ನಿನ್ನ ಕ್ಯಾನು...” ಎಂದು ಹೋಕ್ ಮಾವ ರೂಢಿಯಂತೆ ಶುರುಮಾಡಿದರು. ಗೈಕ್‌ಸಿಮ್ ತಲೆ ತಗ್ಗಿಸಿದಳು. ಹೋಕ್ ಮಾವ ಮಾತು ಬಿಟ್ಟು ತಮ್ಮ ಕ್ಯಾನನ್ನು ಎಲ್ಲರೆದುರು ತಂದು ಹಂಡೆಗೆ ಬಗ್ಗಿಸಿದರು. ನೀರು ಬೇಗ ಮುಗಿಯಿತು.

“ನೋಡ್ಕೊ. ನಂದೂ ಅರ್ಧವೇ ಕಣೋ ತೆಕ್. ಬಹಳ ದಿನದಿಂದ.”

ಸಿಯೋಕ್‌ಛಿನ್ ಹಂಡೆಯೊಳಗೆ ಇಣುಕಿದಳು. “ಹೊಸದೇನು ಹೇಳ್ದೆ ಮಾರಾಯ? ತೂಕ ಹಾಕೋದೇ ನನ್ನ ಕಸುಬು. ನೀನು ನಡೆಯೋದು ನೋಡಿದ್ರೇ ಗೊತ್ತಾಗ್ತಿತ್ತು. ಹಾಳು ಕಟ್ಟಳೆ ತೆಗೆದುಹಾಕು, ಅಷ್ಟೇ.”

“ತೆಕ್‌ಗೆ ಒಂದು ಕಟ್ಟಳೆ, ನನಗೆ ಒಂದಾ? ಬೇಕೆಂದಾಗ ಬದಲಾಯಿಸೋಕೆ ಅದೇನು ಅಂಗಿಯಾ?” ಎಂದು ಹೋಕ್ ಮಾವ ಒಲೆಯ ಇಕ್ಕಳವನ್ನು ಅವಳ ಕೈಗಿತ್ತರು. ಬೂನ್‌ತೆಕ್ ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು.

“ಕೂತ್ಕೊ ಬಾ. ಕಾಯಿಸೋದಕ್ಕಿಂತ ಕುಡಿಯೋದೇ ಸುಖ ಅಂತ ನನಗೂ ತಡವಾಗಿ ಗೊತ್ತಾಯ್ತು.”

“ಸುಳ್ಳು ಹೇಳ್ಬೇಡ.”

“ಸುಳ್ಳೇ. ಆದ್ರೂ ಕೂತ್ಕೊ.”

ಹೋಕ್ ಮಾವ ಕೂತರು. ಸಿಯೋಕ್‌ಛಿನ್ ಕೊಟ್ಟ ಚಹಾ ಗುಟುಕರಿಸಿ, ಶುಂಠಿ ಸಾಲದು ಎಂದರು.

ಗೈಕ್‌ಸಿಮ್ ಆ ತಿಂಗಳ ಕೊನೆಗೆ ಪೆನಾಂಗಿಗೆ ಮರಳಿದಳು. ಹೋಕ್ ಮಾವ ಈಗ ವಾರಕ್ಕೆರಡು ಸಲ ಬೂನ್‌ತೆಕ್ ಜೊತೆ ನಿಧಾನವಾಗಿ ಬೆಟ್ಟ ಹತ್ತುತ್ತಾರೆ, ಬೇರೆಯವರು ಕಾಯಿಸಿದ ಚಹಾ ಕುಡಿಯುತ್ತಾರೆ. ಉಳಿದ ದಿನಗಳಲ್ಲಿ ಕೆಳಗಿನ ಮೆಟ್ಟಿಲುಗಳ ಎಲೆ ಗುಡಿಸುತ್ತಾರೆ.