ಮಲ್ಲಪ್ಪ ತಾತನ ಅನುಮಾನ, ನನ್ನ ಎರಡು ಟೈರು

ಹೆಣ್ಣು ನೋಡಲು ಹೊರಟ ದಿನ ನಾನು ಮೀಸೆ ಕತ್ತರಿಸಿಕೊಂಡೆ, ಅಂಗಿಗೆ ಇಸ್ತ್ರಿ ಹಾಕಿಸಿದೆ, ಎದುರಿಗೆ ಬಂದ ಕುರಿಯೂ ಸೀನುವಷ್ಟು ಪೌಡರು ಬಳಿದುಕೊಂಡೆ. ಬೈಕಿನ ಟೈರು ಮಾತ್ರ ನೋಡಿಕೊಳ್ಳಲಿಲ್ಲ. ಹಾಸನೂರಿನ ಕಾಡುದಾರಿಯಲ್ಲಿ ಹಿಂದಿನ ಟೈರು ಹರಿದು, ಅಂಗಡಿಯಲ್ಲಿ ಸಿಕ್ಕಿದ ಯಾವುದೋ ಕಂಪನಿಯ ಹೊಸದನ್ನು ಹಾಕಿಸಿದ್ದೆ. ಮುಂದಿನದು ಬೇರೆ ಕಂಪನಿಯ ಹಳೆಯದು, ನನ್ನ ಸೋದರಮಾವನ ತಲೆಯಷ್ಟೇ ನುಣುಪು. ಹೆಣ್ಣು ಕೊಡುವವರು ಹುಡುಗನ ಮುಖ ನೋಡುತ್ತಾರೆಂದು ನಂಬಿದ್ದ ಮಂಕ ನಾನು.

ದೊಡ್ಡಗಾಜನೂರಿನ ಆ ಅಂಗಳದಲ್ಲಿ ಮಲ್ಲಪ್ಪ ತಾತ ನನ್ನ ಮುಖ ನೋಡಲೇ ಇಲ್ಲ. ಹಣೆತುಂಬ ವಿಭೂತಿ ಬಳಿದಿದ್ದ ಅವರು ಸೀದಾ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಮುಂದಿನ ಟೈರು ಸವರಿದರು, ಹಿಂದಿನದು ಸವರಿದರು, ಬೆರಳು ಮೂಸಿದರು.

"ಈ ವಂಡಿ ಯಾರ್ದ್ಲಾ?"

"ಬೈಕು ನಂದೇ ತಾತ."

"ನಿಂದೇ ಆದ್ರ ಮುಂದ್ಗಡೆದು ಒಂದು ಕುಲ, ಇಂದ್ಗಡೆದು ಒಂದು ಕುಲ ಯಾಕಾಯ್ತು? ಎಲ್ಡು ವಂಡಿ ಕದ್ದು ಒಂದು ಮಾಡ್ದೆಯಾ?"

ಒಳಗಿನಿಂದ ಕಿಸಕ್ಕನೆ ನಗು ಕೇಳಿತು. ಅದು ಗೌರಿಯದು. ನಾನು ನೋಡಲು ಬಂದಿದ್ದ ಹುಡುಗಿ, ತಾತನ ಮೊಮ್ಮಗಳು. ಅಪ್ಪನಿಲ್ಲದ ಆ ಮನೆಯಲ್ಲಿ ತಾತ ಹೂಂ ಎಂದರೆ ಮದುವೆ, ಊಹೂಂ ಎಂದರೆ ನಾನು ವಾಪಸ್. ಆ ನಗು ಕೇಳಿದ ಮೇಲೆ ವಾಪಸ್ ಹೋಗುವ ಆಸೆ ನನಗೆ ಒಂಚೂರೂ ಉಳಿಯಲಿಲ್ಲ.

ತಾತ ಅನುಮಾನಿಸದ ವಸ್ತು ಆ ಸೀಮೆಯಲ್ಲೇ ಇಲ್ಲವೆಂದು ಆಮೇಲೆ ತಿಳಿಯಿತು. ಪಕ್ಕದವರ ಬಾಳೆತೋಟಕ್ಕೆ ಆನೆ ನುಗ್ಗಿದಾಗ ಹೆಜ್ಜೆ ನೋಡಿ, "ಇದು ಆನೇದಲ್ಲ ಕಣ್ಲಾ, ಯಾರೋ ಒರಳು ಮಗುಚಿ ಒತ್ತವ್ರೆ" ಎಂದಿದ್ದರಂತೆ. ಅದೇ ಆನೆ ಅವರ ತೋಟವನ್ನೂ ಮೇಯ್ದ ಮೇಲೆ ಆನೆಯನ್ನೇನೋ ಒಪ್ಪಿಕೊಂಡರು. ಆದರೆ "ಅದ್ಕ ನಮ್ಮ ಒಲ ತೋರ್ಸ್ಕೊಟ್ಟೋರು ಯಾರು?" ಎಂದು ಪಕ್ಕದವರ ಮುಖ ನೋಡಿ ಕೆಮ್ಮತೊಡಗಿದರು. ಹಾಲು ತಂದರೆ "ಇಷ್ಟೊಂದು ಬೆಳ್ಳಗ ಯಾಕದ?" ಎನ್ನುವರು. ಬಸ್ಸಿನ ಕಂಡಕ್ಟರ್ ಸರಿಯಾಗಿ ಚಿಲ್ಲರೆ ಕೊಟ್ಟುಬಿಟ್ಟರೆ, ಇಳಿದು ಬಸ್ಸು ಮರೆಯಾಗುವ ತನಕ ಅದನ್ನೇ ದುರುಗುಟ್ಟಿ ನೋಡುವರು.

ನಾನು ಗಾಡಿಯ ಬುಕ್ಕು ತೋರಿಸಿದೆ.

"ಬುಕ್ಕ ಯಾರ್ ಬೇಕಾದ್ರೂ ಬರೀಬೌದು. ತಾಳವಾಡಿ ತಂಕ ಕರ್ಕೊಂಡೋಗು. ವಂಡಿ ನಿನ್ ಮಾತ ಕೇಳ್ತದಾ ನೋಡ್ತೀನಿ" ಎಂದು ಹತ್ತಿ ಕೂತೇಬಿಟ್ಟರು. ನನ್ನ ಜೊತೆ ಬಂದಿದ್ದ ಸೋದರಮಾವ ಒಳಗೆ ಉಪ್ಪಿಟ್ಟಿನಲ್ಲಿ ಮುಳುಗಿದ್ದ.

ಮಳೆ ಬಿದ್ದು ಆಗತಾನೇ ನಿಂತಿತ್ತು. ತಾತನನ್ನು ಮೆಚ್ಚಿಸಲು ವಿಮಾನದ ಥರ ಬಿಟ್ಟೆ. ಕೋಸಿನ ಹೊಲದ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಎರಡು ಬ್ರೇಕನ್ನೂ ಒಟ್ಟಿಗೆ ಅದುಮಿದೆ. ಹಿಂದಿನ ಟೈರು ನಿಲ್ಲೋಣ ಎಂದಿತು, ಮುಂದಿನದು ಇನ್ನೂ ಸ್ವಲ್ಪ ಹೋಗೋಣ ಎಂದಿತು. ಅವುಗಳ ಜಗಳ ತೀರುವಷ್ಟರಲ್ಲಿ ನಾವಿಬ್ಬರೂ ಕೋಸಿನ ಮಧ್ಯೆ ಇದ್ದೆವು.

ಎದ್ದವನೇ ಬೈಕಿನ ಹತ್ತಿರ ಓಡಿದೆ. ಎತ್ತಿ ನಿಲ್ಲಿಸಿ, ಕನ್ನಡಿ ಒರೆಸಿ, "ಏನೂ ಆಗಿಲ್ಲ ಬಿಡು ಕಂದ" ಎಂದು ಟ್ಯಾಂಕು ಸವರಿದೆ. ಹಿಂದೆ ಒಬ್ಬರು ಕೂತಿದ್ದರೆಂಬುದು ಆಗ ನೆನಪಾಯಿತು. ತಾತ ಕೋಸಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

"ವಂಡಿ ನಿಂದೇ ಕಣ್ಲಾ" ಎಂದರು. ಅಷ್ಟೇ. ಎದ್ದು, ನಡೆದುಕೊಂಡೇ ಮನೆಗೆ ಹೋದರು.

ಮುಗಿಯಿತು ಕತೆ ಎಂದುಕೊಂಡೆ. ವಾರದೊಳಗೆ ಒಪ್ಪಿಗೆ ಬಂತು! ಈಗ ಅನುಮಾನಪಡುವ ಸರದಿ ನನ್ನದು. ಬೀಳಿಸಿದವನಿಗೇ ಹೆಣ್ಣು ಕೊಡುತ್ತಾರಲ್ಲ, ಇದರಲ್ಲೇನೋ ಇದೆ ಎಂದು ತಾಳಿ ಕಟ್ಟುವಾಗಲೂ ತಾತನ ಮುಖವನ್ನೇ ನೋಡುತ್ತಿದ್ದೆ. ಅವರು ಚಪ್ಪರದ ಹೊರಗೆ ಬಿಟ್ಟಿದ್ದ ನನ್ನ ಚಪ್ಪಲಿ ನೋಡುತ್ತಿದ್ದರು, ಎರಡೂ ಒಂದೇ ಜೊತೆಯದೋ ಎಂದು.

ಮದುವೆಯಾದ ಮೇಲೆ ಎರಡು ಟೈರೂ ಒಂದೇ ಕಂಪನಿಯದು ಹಾಕಿಸಿ ಹೆಮ್ಮೆಯಿಂದ ಹೋದರೆ, ತಾತ ಮತ್ತೆ ಕುಕ್ಕರಗಾಲಲ್ಲಿ ಕೂತು, "ಈಗ ಯಾಕ್ಲಾ ಒಂದೇ ತರ ಮಾಡ್ದೆ? ಏನ್ ಮುಚ್ಚಾಕ್ತಿದ್ದೀಯ?" ಎಂದರು.

ಈಗ ತಾತ ಇಲ್ಲ. ಮೊನ್ನೆ ಆ ಅಂಗಳದಲ್ಲಿ ಬೈಕು ನಿಲ್ಲಿಸಿ ಸುಮ್ಮನೆ ಸ್ವಲ್ಪ ಹೊತ್ತು ಕಾದೆ. ಯಾರೂ ಬಂದು ಟೈರು ಸವರಲಿಲ್ಲ. ವಾಪಸ್ ಬರುವಾಗ ಹಿಂದೆ ಕೂತಿದ್ದ ಗೌರಿಯನ್ನು ಕೊನೆಗೂ ಕೇಳಿದೆ, ತಾತ ಅವತ್ತು ಯಾಕೆ ಒಪ್ಪಿದರು ಎಂದು.

"ಮೈಯೆಲ್ಲ ಕೋಸಿನ್ ಎಲೆ ಮೆತ್ಕೊಂಡು ಬಂದು ನಂಗ ಏನಂದ್ರು ಗೊತ್ತಾ?" ಎಂದಳು. "'ಕಳ್ಳ ಆಗಿದ್ರ ಮೊದ್ಲು ನನ್ನ ಎತ್ತಿ ಕಾಲು ಒತ್ತೋನು. ಇವ್ನು ನನ್ನ ಬುಟ್ಬುಟ್ಟು ವಂಡಿ ಎತ್ತುದ. ಮನ್ಸಲ್ಲಿರೋದ ಮುಚ್ಚಾಕಾಕ ಬರದಿಲ್ಲ ಈ ಮೊಗೀಗ. ಕಟ್ಕೊ ಕೂಸು. ಆದ್ರ ವಂಡೀಲಿ ಕೂತಾಗ ಮಾತ್ರ ಗಟ್ಟಿಯಾಗಿ ಇಡ್ಕೊ.'"