ತನ್ನ ದನಿಗೇ ಬೆಚ್ಚಿದ ಬೋಟು

ಮನೆ ಮಾಲೀಕರ ಬಲಗಿವಿಯ ಮೇಲಂಚು ಒಳಕ್ಕೆ ಮಡಚಿಕೊಂಡಿತ್ತು. ವರ್ಷಗಟ್ಟಲೆ ಹೆಡ್‌ಫೋನು ಹಾಕಿ ಹಾಗಾಯಿತು ಎನ್ನುತ್ತಿದ್ದರು. ನಾನು ನಂಬಿರಲಿಲ್ಲ, ಹುಟ್ಟಿನಿಂದಲೇ ಹಾಗಿದ್ದಿರಬೇಕು. ಈಗಂತೂ ಅದು ಬಲಗಿವಿಯೋ ಎಡಗಿವಿಯೋ ಎಂಬುದೇ ನನಗೆ ಖಾತ್ರಿಯಿಲ್ಲ.

ಅವರು ಖಾನಾಪುರದವರು. ಗೋವಾದ ಬಂದರಿನಲ್ಲಿ ಬೋಟುಗಳ ರೇಡಿಯೋ ರಿಪೇರಿ ಮಾಡಿಕೊಂಡಿದ್ದು, ನಿವೃತ್ತರಾದ ಮೇಲೆ ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ ಕಟ್ಟಿಸಿದ್ದರು. ಮಕ್ಕಳಿರಲಿಲ್ಲ. ಕೆಳಗೆ ಗಂಡ ಹೆಂಡತಿ, ಮೇಲಿನ ಕೋಣೆಯಲ್ಲಿ ಬಾಡಿಗೆಗೆ ನಾನು. ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ಅವರನ್ನು ಕಾಕಾ ಎಂದೂ ಹೆಂಡತಿಯನ್ನು ಕಾಕು ಎಂದೂ ಕರೆಯುತ್ತಿದ್ದೆ. ನಾನು ಏನನ್ನಾದರೂ ಅನುಮಾನಿಸಿದರೆ ಕಾಕಾ, "ಆತು ಪ್ರೊಫೆಸರಾ, ಇವತ್ತಿನ ಪಾಠಾ ಮುಗೀತು?" ಎಂದು ಕಿಚಾಯಿಸುತ್ತಿದ್ದರು.

ನಿವೃತ್ತರಾದರೂ ಬಂದರಿನಿಂದ ಅವರಿಗೆ ಫೋನು ಬರುತ್ತಿತ್ತು. ಎ.ಐ.ಎಸ್. ಎಂಬ ಯಂತ್ರ ಆಗಷ್ಟೇ ಬೋಟುಗಳಿಗೆ ಬರತೊಡಗಿತ್ತು. ಪ್ರತಿ ಬೋಟೂ ತನ್ನ ನಂಬರನ್ನೂ ತಾನಿರುವ ಜಾಗವನ್ನೂ ರೇಡಿಯೋದಲ್ಲಿ ಸಾರುತ್ತಿರುತ್ತದೆ, ಸುತ್ತಲಿನವರ ಪರದೆಯ ಮೇಲೆ ಅದು ಮೂಡುತ್ತದೆ, ತೀರಾ ಹತ್ತಿರ ಬಂದರೆ ಅಲಾರಮ್ ಹೊಡೆದುಕೊಳ್ಳುತ್ತದೆ. ಒಂದು ಭಾನುವಾರ ಮಧ್ಯಾಹ್ನ ಬೋಟು ನಡೆಸುವವನೊಬ್ಬ ಫೋನಿನಲ್ಲಿ ಅರಚುತ್ತಿದ್ದ. ಸುತ್ತ ಬರೀ ನೀರಿದೆ, ಪರದೆಯಲ್ಲಿ ಮಾತ್ರ ಒಂದು ಬೋಟು ಮೈಮೇಲೇ ಬಂದಿದೆ, ತಾನು ತಿರುಗಿದರೆ ಅದೂ ತಿರುಗುತ್ತದೆ, ಅಲಾರಮ್ ನಿಲ್ಲುತ್ತಿಲ್ಲ, ವೈರು ಕತ್ತರಿಸಲೇ?

"ಕತ್ತರಿಸಬ್ಯಾಡ. ಸುಳ್ಳ ಒದರತೈತಿ ಅಂತ ಅದರ ಬಾಯಿ ಹೊಲದ್ರ, ಖರೇ ಬೋಟ ಬಂದಾಗ ಯಾರು ಒದರತಾರ, ನಿಮ್ಮ ಮಾವಾ? ಆ ಬೋಟಿನ ನಂಬರ ಓದು. ಹಾಂ. ಈಗ ನಿನ್ನ ಬೋಟಿನ ನಂಬರ ಓದು."

ಎರಡೂ ಒಂದೇ. ಕಾಕಾ ಬಿದ್ದು ಬಿದ್ದು ನಕ್ಕರು. "ಅದು ನೀನ ಅದಿಯಪಾ!"

ಪರದೆ ಹೊಸದು. ಇದು ನಿನ್ನದೇ ನಂಬರು ಎಂದು ಅದಕ್ಕೆ ಯಾರೂ ತುಂಬಿಸಿರಲಿಲ್ಲ. ಹಾಗಾಗಿ ಬೋಟು ತನ್ನದೇ ದನಿ ಕೇಳಿ ಇನ್ನೊಬ್ಬರೆಂದು ಬೆಚ್ಚಿತ್ತು. ನಂಬರು ತುಂಬಿಸಿದ ಮೇಲೆ ಸುಮ್ಮನಾಯಿತು.

ಇದೆಲ್ಲ ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ಆ ಮನುಷ್ಯನಿಗೆ ಕನ್ನಡ ಬರುತ್ತಿರಲಿಲ್ಲ, ಮಾತು ಮರಾಠಿಯಲ್ಲೇ ಆಗಿರಬೇಕು. ನೆನಪಿನಲ್ಲಿ ಮಾತ್ರ ಕಾಕಾ ಕನ್ನಡದಲ್ಲೇ ನಗುತ್ತಾರೆ.

ಒಂದೆರಡು ವರ್ಷಕ್ಕೆ ಅವರಿಗೆ ಮರೆವು ಶುರುವಾಯಿತು. ಬಸ್ಸಿನಲ್ಲಿ ಉದ್ಯಮಬಾಗಕ್ಕೆ ಹೊರಟವರು ಅದನ್ನು ದಾಟಿ ಮಚ್ಛೆಯಲ್ಲಿ ಇಳಿದು, ಎಲ್ಲಿಗೆ ಬಂದೆನೆಂದು ತಿಳಿಯದೆ ನಿಂತಿದ್ದರು. ಆಮೇಲೆ ಸಂಜೆಯ ಕೂಗಾಟ. "ಯಾಂವೋ ಒಳಗ ಬಂದಾನ!" ಎಂದು ಕೋಲು ಹಿಡಿದು ಮಲಗುವ ಕೋಣೆಯಿಂದ ಓಡಿಬರುವರು. ಅಡ್ಡ ಬಂದ ಕಾಕುವಿಗೂ ಒಮ್ಮೆ ಪೆಟ್ಟು ಬಿತ್ತು. ಖಾನಾಪುರದಿಂದ ಅವರ ತಮ್ಮ ಬಂದು ಕಾಕುವಿಗೆ, "ವೈನಿ, ಇನ್ನ ಸಾಕು. ಧಾರವಾಡಕ್ಕ ಒಯ್ಯೂಣು" ಎಂದರು. ನಮ್ಮ ಕಡೆ ಹಾಗೆಂದರೆ ಹುಚ್ಚರ ಆಸ್ಪತ್ರೆ.

ಕಾಕು ನನ್ನನ್ನು ಕರೆದರು. "ಸರ, ನನಗ ಅಂಜಕಿ ಬರತೈತಿ, ಖರೇ. ಆದ್ರ ಅಲ್ಲಿ ಬಿಟ್ಟ ಬಂದು ನಾ ತುತ್ತ ಹೆಂಗ ಎತ್ತಲಿ? ನೀವ ಒಮ್ಮೆ ನೋಡ್ರಿ."

ಒಂದು ಸಂಜೆ ಅವರ ಹಿಂದೆಯೇ ಓಡಾಡಿದೆ. ಪಡಸಾಲೆಯಲ್ಲಿ ಶಾಂತರಾಗಿದ್ದರು, ಅಡುಗೆಮನೆಯಲ್ಲೂ. ಮಲಗುವ ಕೋಣೆಯ ಕಪಾಟಿನ ಮುಂದೆ ಬಂದಾಗಲೇ ಕೂಗಿದ್ದು. ಕಪಾಟಿನ ಬಾಗಿಲಿಗೆ ಆಳೆತ್ತರದ ಕನ್ನಡಿಯಿತ್ತು.

"ಕಾಕಾ, ಅದು ನೀವ!" ಎಂದೆ, ಉತ್ತರ ಸಿಕ್ಕಿದ ಖುಷಿಯಲ್ಲಿ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಆ ಮುದುಕಾ? ಪ್ರೊಫೆಸರಾ, ಮೊದಲ ಕಣ್ಣ ತೋರಿಸ್ಕೊ."

ಪರದೆಗೆ ನಂಬರು ತುಂಬಿಸಬಹುದಿತ್ತು. ಇಲ್ಲಿ ಅದಕ್ಕೆ ಜಾಗವೇ ಉಳಿದಿರಲಿಲ್ಲ. ಕಾಕು ತಮ್ಮದೊಂದು ಹಳೆಯ ಇಳಕಲ್ ಸೀರೆಯನ್ನು ಕನ್ನಡಿಗೆ ಕಟ್ಟಿದರು. ಕೂಗಾಟ ನಿಂತಿತು. ಧಾರವಾಡದ ಮಾತೂ ನಿಂತಿತು.

ಕೆಲವು ದಿನಗಳ ಮೇಲೆ ಕಾಕಾ ಆ ಸೀರೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಎಲ್ಲಿ ಹೋದ್ರು ಅವ್ರು?" ಎಂದು ಕೇಳಿದರು.

"ಯಾರು ಕಾಕಾ?"

"ಇಲ್ಲೇ ಇರತಿದ್ರಲ್ಲಾ. ನನ್ನ ವಾರಗಿಯವರು. ನಾ ಸುಮ್ಮಸುಮ್ಮನ ಬೈದ್ನಿ. ಸಿಟ್ಟ ಮಾಡ್ಕೊಂಡ ಹೋದ್ರೇನ?"

ಬಾಗಿಲಲ್ಲಿ ನಿಂತಿದ್ದ ಕಾಕು ಬಂದು ಸೀರೆಯ ಗಂಟು ಬಿಚ್ಚಿದರು. ನಾನು ಕೋಲು ಎಲ್ಲಿದೆ ಎಂದು ಹುಡುಕುತ್ತಿದ್ದೆ. ಕಾಕಾ ಕನ್ನಡಿಯತ್ತ ಬಾಗಿ, "ಬರ್ರಿ, ಕುಂದರ್ರಿ. ಹೇಳದ ಹೋಗಿಬಿಟ್ರಿ" ಎಂದರು.

ಮರುದಿನ ಮತ್ತೆ ಕೋಲೆತ್ತಿದರು. ಕಾಕು ಸೀರೆ ಬಿಗಿದರು, ಮತ್ತೆ ಬಿಚ್ಚಲಿಲ್ಲ. ಆ ಚಳಿಗಾಲದಲ್ಲಿ ಕಾಕಾ ತಮ್ಮ ಮನೆಯಲ್ಲೇ, ಕಾಕುವಿನ ಕಣ್ಣೆದುರೇ ತೀರಿಕೊಂಡರು. ಕೊನೆಕೊನೆಗೆ ದಿನವಿಡೀ ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತಿದ್ದರು. ಹೇಳದೆ ಹೋದ ಯಾರ ದಾರಿ ಕಾಯುತ್ತಿದ್ದಾರೆಂಬುದು ಕಾಕುವಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.